ಗ್ರಂಥಾಲಯದಲ್ಲಿ ಮಾತು ಕೇಳದ ಸಿಬ್ಬಂದಿ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಸಾರ್ವಜನಿಕ ಗ್ರಂಥಾಲಯದ ಉಸ್ತುವಾರಿ ಹೊತ್ತವರು ಹೆಚ್ಚು ಕಡಿಮೆ ಒಂದೇ ಕಥೆ ಹೇಳುತ್ತಾರೆ. ಸಹಾಯಕರೊಬ್ಬರು ತಡವಾಗಿ ಬರುತ್ತಾರೆ, ಓದುಗರ ಮೇಲೆ ರೇಗುತ್ತಾರೆ, ವಾಪಸ್ ಬಂದ ಪುಸ್ತಕ ಜೋಡಿಸುವುದಿಲ್ಲ. ಮೇಲಿನವರು ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತಾರೆ. ಒಂದು ದಿನ ತಾಳ್ಮೆ ಕೆಟ್ಟು ಕೌಂಟರಿನಲ್ಲೇ ಕೂಗಾಡುತ್ತಾರೆ. ಮರುದಿನ ನೋಟಿಸ್. ಅದಕ್ಕೆ ಉತ್ತರ ಬರುತ್ತದೆ: ‘ನನಗೆ ಯಾವ ಕೆಲಸವನ್ನೂ ಲಿಖಿತವಾಗಿ ವಹಿಸಿರುವುದಿಲ್ಲ. ಇದುವರೆಗೆ ಯಾರೂ ನನ್ನ ಕೆಲಸದಲ್ಲಿ ತಪ್ಪು ತೋರಿಸಿರುವುದಿಲ್ಲ.’ ಅಲ್ಲಿಗೆ ಕಡತ ಮುಚ್ಚಿತು. ಉತ್ತರದಲ್ಲಿ ಸುಳ್ಳೇನೂ ಇಲ್ಲ, ತೊಂದರೆ ಇರುವುದೇ ಅಲ್ಲಿ.

ನೋಟಿಸ್ ಕೊನೆಯ ಹೆಜ್ಜೆ. ಬಹಳ ಜನ ಅದನ್ನೇ ಮೊದಲು ಇಡುತ್ತಾರೆ. ಮುಂದೆ ಇರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕರ್ನಾಟಕದ ನಗರ ಕೇಂದ್ರ, ಜಿಲ್ಲಾ ಕೇಂದ್ರ ಮತ್ತು ಶಾಖಾ ಗ್ರಂಥಾಲಯಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಹಾಜರಿ ಪುಸ್ತಕ, ಚಲನವಲನ ವಹಿ (ಕೆಲಸದ ಹೊತ್ತಿನಲ್ಲಿ ಯಾರು ಎಲ್ಲಿಗೆ ಹೋದರು ಎಂದು ಬರೆಯುವುದು), ಓದುಗರ ದೂರು-ಸಲಹೆ ಪುಸ್ತಕ. ಈ ಮೂರಕ್ಕೂ ಪುಟ ಸಂಖ್ಯೆ ಹಾಕಿರಬೇಕು. ಸಂಖ್ಯೆ ಇಲ್ಲದ ಪುಸ್ತಕದಿಂದ ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮದೇ ಒಂದು ನೋಟ್‌ಬುಕ್ ಬೇಕು. ಮೊಬೈಲ್ ಟಿಪ್ಪಣಿ ಬೇಡ. ಆಮೇಲೆ ‘ಇದನ್ನು ನಿನ್ನೆ ಕೂತು ಟೈಪ್ ಮಾಡಿದ್ದಾರೆ’ ಎಂದರೆ ತೋರಿಸಲು ಏನೂ ಇರುವುದಿಲ್ಲ. ದಿನಾಂಕ ಹಾಕಿ, ಸಾಲು ಬಿಡದೆ, ಪೆನ್ನಿನಲ್ಲಿ ಬರೆದ ಪುಸ್ತಕಕ್ಕೆ ತೂಕ ಜಾಸ್ತಿ.

ಎಲ್ಲಕ್ಕಿಂತ ಮುಖ್ಯವಾಗಿ, ಆ ವ್ಯಕ್ತಿಯ ನೇಮಕಾತಿ ಆದೇಶದ ಒಂದು ಪ್ರತಿ ಬೇಕು. ಇದನ್ನು ಓದದೆಯೇ ಜಗಳಕ್ಕೆ ಇಳಿದವರು ಎಷ್ಟೋ ಜನ.

## ಹಂತ 1: ಇವರ ಮೇಲೆ ನಿಮಗೆ ಎಷ್ಟು ಅಧಿಕಾರ ಇದೆ ಎಂದು ತಿಳಿದುಕೊಳ್ಳಿ

ಒಂದೇ ಕೋಣೆಯಲ್ಲಿ ಕೆಲಸ ಮಾಡುವ ಮೂವರು ಮೂರು ಬೇರೆ ಬೇರೆ ನಿಯಮದ ಕೆಳಗೆ ಇರಬಹುದು.

ಕಾಯಂ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957 ಅನ್ವಯಿಸುತ್ತವೆ. ಇವನ್ನು ಕಚೇರಿಯಲ್ಲಿ ಸಿಸಿಎ ನಿಯಮ ಅನ್ನುತ್ತಾರೆ. ಯಾವ ಯಾವ ದಂಡನೆ ಎಂಬುದು ನಿಯಮ 8ರಲ್ಲಿ, ಅಮಾನತು ನಿಯಮ 10ರಲ್ಲಿ, ದೊಡ್ಡ ದಂಡನೆಗೆ ನಡೆಸಬೇಕಾದ ವಿಚಾರಣೆ ನಿಯಮ 11ರಲ್ಲಿ, ಸಣ್ಣ ದಂಡನೆಯ ವಿಧಾನ ನಿಯಮ 12ರಲ್ಲಿ ಇದೆ. ನಡತೆಗೆ ಬೇರೆಯೇ ನಿಯಮಾವಳಿ ಇದ್ದು, ಈಗ ಜಾರಿಯಲ್ಲಿರುವುದು 2021ರದು. ಶಾಖೆಯ ಗ್ರಂಥಪಾಲಕರು ಯಾರನ್ನೂ ಅಮಾನತು ಮಾಡುವಂತಿಲ್ಲ. ಆ ಅಧಿಕಾರ ಶಿಸ್ತು ಪ್ರಾಧಿಕಾರದ್ದು. ನಿಮ್ಮ ಕೆಲಸ ಏನಿದ್ದರೂ ತಿಳಿಸುವುದು, ತಿದ್ದುವುದು, ಸಮಜಾಯಿಷಿ ಕೇಳುವುದು, ವರದಿ ಕಳಿಸುವುದು.

ಹೊರಗುತ್ತಿಗೆಯವರ ಸಂಬಳ ಏಜೆನ್ಸಿ ಮೂಲಕ ಬರುತ್ತದೆ. ಅವರ ಮೇಲೆ ಸಿಸಿಎ ನಿಯಮದಲ್ಲಿ ನೋಟಿಸ್ ಹೊರಡಿಸಿದರೆ ಅದು ನಿಲ್ಲುವುದಿಲ್ಲ. ದಿನದ ಕೆಲಸವನ್ನು ನೀವು ಹೇಳಬಹುದು, ಹಾಜರಿ ದೃಢೀಕರಿಸಬಹುದು. ಶಿಸ್ತಿನ ವಿಷಯಕ್ಕೆ ಮಾತ್ರ ಮೇಲಧಿಕಾರಿ ಮೂಲಕ ಏಜೆನ್ಸಿಗೆ ಪತ್ರ ಹೋಗಬೇಕು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಮೇಲ್ವಿಚಾರಕರ ಬಗ್ಗೆ ಏನೇ ಇದ್ದರೂ ಮೊದಲು ಪಿಡಿಒ ಹತ್ತಿರ. ಗ್ರಂಥಾಲಯ ಇಲಾಖೆಗೆ ಬರೆದು ಕೂತರೆ ಪತ್ರ ಅಲ್ಲಿಂದ ಇಲ್ಲಿಗೆ ಸುತ್ತುತ್ತದೆ, ಅಷ್ಟೇ.

ಇಲ್ಲಿ ಆಗುವ ತಪ್ಪು: ಇಲ್ಲದ ಅಧಿಕಾರದ ಬೆದರಿಕೆ. ‘ನಿನ್ನನ್ನ ನಾಳೆಯಿಂದ ಮನೆಗೆ ಕಳಿಸ್ತೀನಿ’ ಎಂದು ಹೇಳಿ ಕಳಿಸಲಾಗದೆ ಹೋದರೆ, ಆಮೇಲೆ ನಿಮ್ಮ ನಿಜವಾದ ಎಚ್ಚರಿಕೆಯನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

## ಹಂತ 2: ತೊಂದರೆ ಯಾವ ಜಾತಿಯದು ಎಂದು ವಿಂಗಡಿಸಿ

ಮೂರು ಪ್ರಶ್ನೆ ಕೇಳಿಕೊಳ್ಳಿ. ಇವರಿಗೆ ಈ ಕೆಲಸ ಬರುತ್ತದೆಯೇ? ಬರುತ್ತದೆ ಎಂದರೆ, ಮಾಡಲು ಸಾಧ್ಯವಾಗುವ ಪರಿಸ್ಥಿತಿ ಇದೆಯೇ? ಎರಡೂ ಇದ್ದು ಮಾಡುತ್ತಿಲ್ಲವೇ?

ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದ ಹುಡುಗನಿಗೆ ಕರೆ ಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಎಂದರೆ ಏನು ಅಂತ ಯಾರೂ ಕೂರಿಸಿ ಹೇಳಿರುವುದಿಲ್ಲ. ಅವನು ಪುಸ್ತಕವನ್ನು ಬಣ್ಣ ನೋಡಿ, ಎತ್ತರ ನೋಡಿ ಜೋಡಿಸುತ್ತಾನೆ. ಮೇಲಿನವರು ಇದನ್ನು ‘ಬೇಜವಾಬ್ದಾರಿ’ ಎಂದು ಬರೆಯುತ್ತಾರೆ. ಅವನಿಗೆ ಬೇಕಿರುವುದು ಒಂದು ವಾರದ ತರಬೇತಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ ಕನ್ನಡ ಸಾಹಿತ್ಯ 894.814ರಲ್ಲಿ ಬರುತ್ತದೆ. ಆ ಒಂದು ಕಪಾಟನ್ನು ಮಾತ್ರ ಕೊಟ್ಟು, ನಿಮ್ಮ ಎದುರಿಗೇ ಇಪ್ಪತ್ತು ಪುಸ್ತಕ ಜೋಡಿಸಲು ಹೇಳಿ. ಬರುತ್ತದೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪರಿಸ್ಥಿತಿ ವಿಷಯ ಇನ್ನೂ ಸೂಕ್ಷ್ಮ. ಹೊರಗುತ್ತಿಗೆಯ ಸಹಾಯಕಿ ಮಾತು ಮಾತಿಗೆ ಸಿಡುಕುತ್ತಾರೆ ಎಂದರೆ, ಮೊದಲು ಅವರಿಗೆ ಸಂಬಳ ಬಂತಾ ಕೇಳಿ. ಎರಡು ತಿಂಗಳಿಂದ ಬಂದಿಲ್ಲ, ಪಿಎಫ್ ಪಾಸ್‌ಬುಕ್ ತೆರೆದರೆ ಅಲ್ಲೂ ಜಮಾ ಆಗಿಲ್ಲ ಅಂದರೆ ನಡವಳಿಕೆಯ ಪಾಠ ಹೇಳುವುದರಲ್ಲಿ ಅರ್ಥವಿಲ್ಲ. ಆ ವಿಷಯವನ್ನು ಮೇಲಕ್ಕೆ ಬರೆಯಿರಿ. ಏಜೆನ್ಸಿ ಕೈಕೊಟ್ಟರೆ ಮೂಲ ಉದ್ಯೋಗದಾತನಾಗಿ ಇಲಾಖೆಗೂ ಹೊಣೆ ಇದೆ. ಸಂಬಳ ಬಂದ ವಾರವೇ ಅರ್ಧ ಸಿಡುಕು ಇಳಿದಿರುತ್ತದೆ.

ಸೇವೆಯಲ್ಲಿದ್ದಾಗಲೇ ಅಂಗವೈಕಲ್ಯ ಬಂದವರ ವಿಷಯದಲ್ಲಿ ಜಾಗ್ರತೆ. ಅಪಘಾತದ ನಂತರ ಏಣಿ ಹತ್ತಲಾಗದ ಸಹವರ್ತಿಯನ್ನು ‘ಕೆಲಸಕ್ಕೆ ಬಾರದವನು’ ಎಂದು ಬರೆದು ಹೊರಗೆ ಹಾಕಿಸಲು ಬರುವುದಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 20 ಇದನ್ನು ತಡೆಯುತ್ತದೆ. ಅದೇ ವೇತನದಲ್ಲಿ ಬೇರೆ ಹುದ್ದೆಗೆ ಹಾಕಬೇಕು. ನಿಮ್ಮ ಮಟ್ಟದಲ್ಲಿ ಆಗುವುದು ಎಂದರೆ, ಕೌಂಟರ್ ಅಥವಾ ಪತ್ರಿಕೆ ವಿಭಾಗ ಕೊಡುವುದು.

ಈ ಮೂರು ಪ್ರಶ್ನೆ ದಾಟಿ ಉಳಿದವರು ಮಾತ್ರ ‘ಮಾಡಲ್ಲ’ ಅನ್ನುವವರು. ಅವರು ನೀವು ಅಂದುಕೊಂಡಷ್ಟು ಜನ ಇರುವುದಿಲ್ಲ.

## ಹಂತ 3: ಕೆಲಸ ಹಂಚಿಕೆಯನ್ನು ಬರೆದು ಕೊಡಿ

ಬಾಯಿಮಾತಿನ ಹಂಚಿಕೆ ಲೆಕ್ಕಕ್ಕಿಲ್ಲ. ಒಂದು ಪುಟದ ಆದೇಶ ಸಾಕು. ದಿನಾಂಕ, ಹೆಸರು, ಕೆಲಸ, ಸಮಯ, ಅವರ ಸಹಿ.

‘ಗ್ರಂಥಾಲಯದ ಎಲ್ಲ ಕೆಲಸಗಳನ್ನು ನಿರ್ವಹಿಸುವುದು’ ಎಂದು ಬರೆಯಬೇಡಿ. ಎಲ್ಲ ಕೆಲಸ ಅಂದರೆ ಯಾವ ಕೆಲಸವೂ ಅಲ್ಲ. ಹೀಗೆ ಬರೆಯಿರಿ:

1. ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುವುದು. 8.45ರ ಒಳಗೆ ಅಂದಿನ ಪತ್ರಿಕೆಗಳಿಗೆ ಮೊಹರು ಹಾಕಿ, ವಹಿಯಲ್ಲಿ ಗುರುತು ಮಾಡಿ ಮೇಜಿಗೆ ಇಡುವುದು.
2. ವಾಪಸ್ ಬಂದ ಪುಸ್ತಕಗಳನ್ನು ಅಂದೇ ಪಾಳಿ ಮುಗಿಯುವುದರೊಳಗೆ ಕಪಾಟಿಗೆ ಸೇರಿಸುವುದು.
3. ಪ್ರತಿ ಶುಕ್ರವಾರ ಮಧ್ಯಾಹ್ನ ಕಥೆ-ಕಾದಂಬರಿಯ ಎರಡು ಕಪಾಟುಗಳ ಕ್ರಮ ಸರಿಪಡಿಸುವುದು.
4. ಸದಸ್ಯತ್ವ ಠೇವಣಿ ಮತ್ತು ತಡ ಶುಲ್ಕಕ್ಕೆ ಕೂಡಲೇ ರಸೀದಿ ಕೊಡುವುದು, ಪಾಳಿ ಮುಗಿದಾಗ ಲೆಕ್ಕ ಒಪ್ಪಿಸುವುದು.

ಸಮಯ ನಿಮ್ಮ ಬೋರ್ಡಿನಲ್ಲಿ ಇದ್ದಂತೆ ಬದಲಿಸಿಕೊಳ್ಳಿ. ನೋಡಿದ ಕೂಡಲೇ ‘ಆಗಿದೆ’ ಅಥವಾ ‘ಆಗಿಲ್ಲ’ ಎಂದು ಹೇಳಲು ಬರುವಂತೆ ಇರಬೇಕು, ಅಷ್ಟೇ.

ಹಂಚಿಕೆ ಎಲ್ಲರಿಗೂ ಒಂದೇ ದಿನ ಕೊಡಿ. ಒಬ್ಬರಿಗೆ ಮಾತ್ರ ಕೊಟ್ಟರೆ ಅದು ಬಲೆ ಹಾಕಿದಂತೆ ಕಾಣುತ್ತದೆ, ನಿಜವಾಗಿಯೂ ಬಲೆಯೇ. ಕಿರಿಕಿರಿಯ ಮನುಷ್ಯನಿಗೆ ಕಷ್ಟದ ಕೆಲಸ, ಆಪ್ತರಿಗೆ ಫ್ಯಾನ್ ಕೆಳಗಿನ ಕುರ್ಚಿ ಎಂದಾದರೆ ಮೊದಲ ಸಮಜಾಯಿಷಿಯಲ್ಲೇ ಅದು ಬಯಲಾಗುತ್ತದೆ.

ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ‘ಓದಿ ಹೇಳಲಾಯಿತು, ಸಹಿ ನಿರಾಕರಿಸಿದರು’ ಎಂದು ಬರೆದು, ಅಲ್ಲಿದ್ದ ಇನ್ನೊಬ್ಬ ಸಿಬ್ಬಂದಿಯ ಸಹಿ ಪಡೆಯಿರಿ.

## ಹಂತ 4: ಮೂರು ವಾರ ಸುಮ್ನೆ ಬರೆದಿಡಿ

ಈ ಹಂತವನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದಿಲ್ಲದೆ ಮುಂದಿನ ಯಾವ ಹಂತಕ್ಕೂ ಕಾಲಿಲ್ಲ.

ಬರೆಯುವ ರೀತಿ ನೋಡಿ. ಕೆಟ್ಟ ಟಿಪ್ಪಣಿ:

‘ಇವತ್ತೂ ಯಥಾಪ್ರಕಾರ ಉಡಾಫೆ. ಓದುಗರ ಜೊತೆ ಅಸಭ್ಯ ವರ್ತನೆ. ಹೇಳಿದರೆ ಎದುರುತ್ತರ.’

ಸರಿಯಾದ ಟಿಪ್ಪಣಿ:

‘ಬುಧವಾರ, ಸಂಜೆ 5.20. ಕೆಎಎಸ್ ಪರೀಕ್ಷೆಗೆ ಓದುವ ಯುವತಿಯೊಬ್ಬರು ಹಳೆಯ ಪತ್ರಿಕೆ ಕೇಳಿದರು. “ನಿಮ್ಗೆ ತೆಗೆದುಕೊಡೋಕೆ ನಾವು ಇಲ್ಲಿ ಕೂತಿಲ್ಲ” ಎಂದು ಜೋರಾಗಿ ಹೇಳಿದರು. ಕೌಂಟರಿನಲ್ಲಿ ಮೂವರು ಓದುಗರಿದ್ದರು. ನಾನು ಪತ್ರಿಕೆ ತೆಗೆದುಕೊಟ್ಟೆ.’

ಎರಡನೆಯದರಲ್ಲಿ ಬೈಗುಳ ಇಲ್ಲ, ವಿಶೇಷಣ ಇಲ್ಲ. ಸಮಯ, ಮಾತು, ಸಾಕ್ಷಿ ಇದೆ. ‘ಉಡಾಫೆ’ ನಿಮ್ಮ ಅಭಿಪ್ರಾಯ, ಮೇಲಧಿಕಾರಿಗೆ ಅದರಿಂದ ಏನೂ ಮಾಡಲು ಬರುವುದಿಲ್ಲ.

ಒಳ್ಳೆಯ ದಿನಗಳನ್ನೂ ಬರೆಯಿರಿ. ಮಂಗಳವಾರ ವೇಳೆಗೆ ಸರಿಯಾಗಿ ಬಂದರು ಎಂದರೆ ಅದೂ ಇರಲಿ. ಬರೀ ತಪ್ಪುಗಳ ಪಟ್ಟಿ ನೋಡಿದವರು ನಿಮ್ಮನ್ನೇ ಅನುಮಾನಿಸುತ್ತಾರೆ. ಇನ್ನೊಂದು ಲಾಭವೂ ಇದೆ: ಮೂರು ವಾರದ ನಂತರ ಓದಿದಾಗ ತಡವಾಗಿದ್ದೆಲ್ಲ ಗುರುವಾರವೇ ಎಂದು ಕಾಣಬಹುದು. ಆಗ ಪ್ರಶ್ನೆ ಬೇರೆಯಾಗುತ್ತದೆ: ಗುರುವಾರ ಏನಿದೆ?

ಇದರಲ್ಲಿ ಬರೆಯುವ ಪ್ರತಿ ಸಾಲನ್ನೂ ಮುಂದೊಂದು ದಿನ ಆ ವ್ಯಕ್ತಿಯೇ ಓದುತ್ತಾರೆ ಎಂದುಕೊಂಡು ಬರೆಯಿರಿ. ವಿಚಾರಣೆಗೆ ಹೋದರೆ ನೀವು ನೆಚ್ಚಿಕೊಂಡ ಕಾಗದದ ಪ್ರತಿ ಅವರ ಕೈಗೆ ಹೋಗುತ್ತದೆ. ಜಾತಿ, ಮನೆ ವಿಷಯ, ಯಾರ ಜೊತೆ ಓಡಾಡುತ್ತಾರೆ ಎಂಬುದಕ್ಕೆ ಇಲ್ಲಿ ಜಾಗವಿಲ್ಲ.

## ಹಂತ 5: ಕೂತು ಮಾತಾಡಿ

ಜಾಗ: ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆ. ಇಲ್ಲದಿದ್ದರೆ ಓದುಗರು ಹೋದ ಮೇಲೆ. ಹೊತ್ತು: ಪಾಳಿಯ ಕೊನೆಯಲ್ಲಿ ಬೇಡ, ಬಸ್ಸಿನ ಯೋಚನೆಯಲ್ಲಿ ಇರುತ್ತಾರೆ. ನೀವು ಗಂಡಸಾಗಿದ್ದು ಮಹಿಳಾ ಸಿಬ್ಬಂದಿ ಜೊತೆ ಮಾತಾಡುವುದಾದರೆ ಇನ್ನೊಬ್ಬ ಮಹಿಳಾ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಿ.

ಕಷ್ಟದ ಸನ್ನಿವೇಶ ಎಂದರೆ ವಯಸ್ಸಿನದು. ಮೂವತ್ತು ದಾಟದ ಗ್ರಂಥಪಾಲಕಿ, ಐವತ್ತೈದರ ಸಹವರ್ತಿ. ಅವರು ಈ ಕಟ್ಟಡಕ್ಕೆ ಬಂದಾಗ ಈಕೆ ಶಾಲೆಯಲ್ಲಿದ್ದರು. ಇಲ್ಲಿ ಅಧಿಕಾರ ತೋರಿಸಿದರೂ ಕೆಡುತ್ತದೆ, ಹೆದರಿ ಹಲ್ಲು ಗಿಂಜಿದರೂ ಕೆಡುತ್ತದೆ. ಮಾತು ಸುಮಾರು ಹೀಗಿರಲಿ:

“ಕೂತ್ಕೊಳ್ಳಿ ಅಣ್ಣ. ಟೀ ಹೇಳಿದ್ದೀನಿ. ಈ ಮೂರು ವಾರದಲ್ಲಿ ಐದು ದಿನ ಬಾಗಿಲು ಒಂಬತ್ತಾದ ಮೇಲೆ ತೆಗೆದಿದೆ. ದಿನಾಂಕ ಇಲ್ಲಿದೆ, ನೋಡಿ. ಏನಾಗ್ತಿದೆ ಅಂತ ನಿಮ್ಮ ಬಾಯಲ್ಲೇ ಕೇಳೋಣ ಅಂತ ಕರೆದೆ.”

“ಮೇಡಂ, ನಾನು ಇಪ್ಪತ್ತೈದು ವರ್ಷದಿಂದ ಇಲ್ಲಿದ್ದೀನಿ. ಯಾರೂ ಹೀಗೆ ಕೇಳಿರಲಿಲ್ಲ.”

“ಹೌದು, ನಿಮ್ಮಷ್ಟು ಈ ಗ್ರಂಥಾಲಯ ನನಗೆ ಗೊತ್ತಿಲ್ಲ. ಅದಕ್ಕೇ ಬಾಗಿಲ ಜವಾಬ್ದಾರಿ ನಿಮಗೆ ಕೊಟ್ಟಿದ್ದು. ಆದ್ರೆ ಎಂಟೂವರೆಗೆ ಹುಡುಗರು ಮೆಟ್ಟಿಲ ಮೇಲೆ ಕೂತಿರ್ತಾರೆ. ಬೆಳಿಗ್ಗೆ ಏನು ತೊಂದರೆ ಆಗ್ತಿದೆ ಹೇಳಿ.”

ಇದಾದ ಮೇಲೆ ನೀವು ಬಾಯಿ ಮುಚ್ಚಿ ಕೂರಬೇಕು. ಮೌನ ಎಷ್ಟೇ ಕಸಿವಿಸಿಯಾದರೂ ತುಂಬಲು ಹೋಗಬೇಡಿ. ಹೆಂಡತಿಯ ಡಯಾಲಿಸಿಸ್, ಬದಲಾದ ಬಸ್ ಸಮಯ, ಹಿಂದಿನ ಅಧಿಕಾರಿ ತಡೆಹಿಡಿದ ಬಡ್ತಿ... ಏನು ಹೊರಬೀಳುತ್ತದೋ ಗೊತ್ತಿಲ್ಲ. ಕಾರಣ ನಿಜವಾಗಿದ್ದರೆ ಪಾಳಿ ಬದಲಿಸಿ. ಅದರಿಂದ ನಿಮ್ಮ ಗೌರವ ಕಡಿಮೆ ಆಗುವುದಿಲ್ಲ.

ಒಂದು ಕೂಟಕ್ಕೆ ಒಂದೇ ವಿಷಯ. ತಡ, ಕಪಾಟು, ಮೊಬೈಲ್, ಹೋದ ವರ್ಷದ ಜಗಳ ಎಲ್ಲ ಒಟ್ಟಿಗೆ ಸುರಿದರೆ ಅವರಿಗೆ ಉಳಿಯುವುದು ‘ಇವರಿಗೆ ನನ್ನ ಕಂಡರಾಗಲ್ಲ’ ಎಂಬುದು ಮಾತ್ರ. ‘ಬೇರೆಯವರನ್ನ ನೋಡಿ ಕಲೀರಿ’ ಎಂಬ ಮಾತನ್ನಂತೂ ಬಿಟ್ಟೇಬಿಡಿ.

## ಹಂತ 6: ಗಡುವು, ಸಹಾಯ, ಮತ್ತೆ ನೋಡುವ ದಿನ

ಮಾತು ಮುಗಿದ ದಿನವೇ ನಾಲ್ಕು ಸಾಲಿನ ಚೀಟಿ ಕೊಡಿ. ಏನು ಒಪ್ಪಿಕೊಂಡಿರಿ, ನಾನೇನು ಮಾಡುತ್ತೇನೆ, ಯಾವ ದಿನ ಮತ್ತೆ ಕೂರೋಣ. ಒಂದು ಪ್ರತಿ ನಿಮ್ಮ ಹತ್ತಿರ.

ಒಂದು ತಿಂಗಳು ಸಾಕು. ವಾರಕ್ಕೊಮ್ಮೆ ಐದು ನಿಮಿಷ. ಸುಧಾರಿಸಿದ್ದರೆ ಬಾಯಿಬಿಟ್ಟು ಹೇಳಿ. ಸರ್ಕಾರಿ ಕಚೇರಿಯಲ್ಲಿ ಒಳ್ಳೆ ಮಾತು ಬರಗಾಲ, ಅಲ್ವಾ? ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲೂ ಅದು ಬರಲಿ.

ನೋಡುತ್ತೇನೆ ಎಂದ ದಿನ ತಪ್ಪಿಸಬೇಡಿ. ನೀವು ಮರೆತರೆ ಅವರು ಅದನ್ನು ಮರೆಯುವುದಿಲ್ಲ.

## ಹಂತ 7: ಈಗ ಕಾಗದ

ಒಂದು ತಿಂಗಳಾದರೂ ಬದಲಾವಣೆ ಇಲ್ಲ ಎಂದರೆ ಮೊದಲು ಜ್ಞಾಪನ (ಮೆಮೊ). ಅದರ ಹೊಟ್ಟೆಭಾಗ ಹೀಗಿರಲಿ:

‘ದಿನಾಂಕ ..., ... ಮತ್ತು ...ರಂದು ತಾವು ಕ್ರಮವಾಗಿ ಬೆಳಿಗ್ಗೆ 9.10, 9.25 ಮತ್ತು 9.05ಕ್ಕೆ ಹಾಜರಾಗಿರುತ್ತೀರಿ. ಗ್ರಂಥಾಲಯ ತೆರೆಯುವ ಸಮಯ 8.30 ಆಗಿದ್ದು, ದಿನಾಂಕ ...ರ ಕೆಲಸ ಹಂಚಿಕೆ ಆದೇಶದ ಕ್ರಮ ಸಂಖ್ಯೆ 1ರಂತೆ ಬಾಗಿಲು ತೆರೆಯುವ ಹೊಣೆ ತಮ್ಮದಾಗಿರುತ್ತದೆ. ಈ ಬಗ್ಗೆ ದಿನಾಂಕ ...ರಂದು ತಮ್ಮೊಂದಿಗೆ ಚರ್ಚಿಸಿ ಒಂದು ತಿಂಗಳ ಕಾಲಾವಕಾಶ ನೀಡಲಾಗಿತ್ತು. ಈ ಜ್ಞಾಪನ ತಲುಪಿದ 7 ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡುವುದು.’

ಹಿಂದಿನ ಹಂತಗಳು ಒಂದೊಂದೂ ಇದರಲ್ಲಿ ಒಂದೊಂದು ಸಾಲಾಗಿ ಬಂದು ಕೂತಿವೆ, ನೋಡಿ. ಯಾವುದನ್ನು ಬಿಟ್ಟಿದ್ದರೂ ಆ ಸಾಲು ಖಾಲಿ.

ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸೇವಾ ಪುಸ್ತಕದಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಕಡತಕ್ಕೆ ಸೇರಿಸಿ. ವಾಟ್ಸಾಪ್ ಗುಂಪಿನಲ್ಲಿ ನೋಟಿಸ್ ಹಾಕುವ ಹೊಸ ಚಟ ಶುರುವಾಗಿದೆ. ದಯವಿಟ್ಟು ಬೇಡ. ನೋಟಿಸ್ ಒಬ್ಬರಿಗೆ ಕೊಡುವಂಥದ್ದು, ಅದನ್ನು ಮೆರವಣಿಗೆ ಮಾಡಬಾರದು.

ಉತ್ತರ ಬಂದ ಮೇಲೆ ಓದಿ. ‘ಸಮಜಾಯಿಷಿ ತೃಪ್ತಿಕರವಾಗಿಲ್ಲ’ ಎಂಬ ಒಂದೇ ಸಾಲು ಬರೆದು ಮೇಲಕ್ಕೆ ತಳ್ಳಬೇಡಿ. ಯಾವ ಮಾತು ಒಪ್ಪಿದಿರಿ, ಯಾವುದನ್ನು ಏಕೆ ಒಪ್ಪಲಿಲ್ಲ ಎಂದು ಬರೆದು, ಪ್ರತಿಗಳ ಸಮೇತ ಉಪ ನಿರ್ದೇಶಕರಿಗೆ ಅಥವಾ ಮುಖ್ಯ ಗ್ರಂಥಾಲಯಾಧಿಕಾರಿಗೆ ಕಳಿಸಿ. ಕಾರಣ ಕೇಳಿ ನೋಟಿಸ್, ದೋಷಾರೋಪಣ ಪಟ್ಟಿ, ಇಲಾಖಾ ವಿಚಾರಣೆ ಎಲ್ಲ ಅಲ್ಲಿಂದ ಮುಂದೆ ಅವರ ಕೆಲಸ.

## ಹಂತಗಳಿಗೆ ಕಾಯಬಾರದ ಸಂದರ್ಭಗಳು

ಕೆಲವಕ್ಕೆ ಮೂರು ವಾರ ಬರೆದಿಡುವುದು ಅಂತಿಲ್ಲ.

ಮಹಿಳಾ ಸಿಬ್ಬಂದಿಗೆ ಅಥವಾ ಓದಲು ಬಂದ ಮಹಿಳೆಗೆ ಲೈಂಗಿಕ ಕಿರುಕುಳ ಎಂದರೆ ನೀವು ‘ರಾಜಿ ಮಾಡಿಸೋಣ’ ಎಂದು ಹೋಗಬೇಡಿ. 2013ರ ಕಾಯ್ದೆ ಪ್ರಕಾರ ಅದು ಆಂತರಿಕ ಸಮಿತಿಗೆ ಹೋಗಬೇಕು. ಹತ್ತಕ್ಕಿಂತ ಕಡಿಮೆ ಜನ ಇದ್ದು ಅಂಥ ಸಮಿತಿ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ. ಘಟನೆಯಿಂದ 3 ತಿಂಗಳ ಒಳಗೆ ದೂರು ಕೊಡಬೇಕು ಎಂಬುದನ್ನು ತೊಂದರೆಗೆ ಒಳಗಾದವರಿಗೆ ಮೊದಲೇ ಹೇಳಿ. ಮಕ್ಕಳ ವಿಭಾಗದಲ್ಲಿ ಮಗುವಿಗೆ ಏನಾದರೂ ಆಯಿತು ಎಂದರೆ ಪೋಕ್ಸೊ ಕಾಯ್ದೆ, 2012. ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಉಸ್ತುವಾರಿಗೂ ಜೈಲು ಶಿಕ್ಷೆ ಇದೆ.

ಜಾತಿ ಹಿಡಿದು ನಿಂದಿಸಿದ್ದನ್ನು ‘ಸಿಟ್ಟಿನಲ್ಲಿ ಬಂದ ಮಾತು’ ಎಂದು ತೇಲಿಸಲು ಹೋಗಬೇಡಿ. ಅದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ರ ವಿಷಯ ಆಗಬಹುದು. ಅಂದೇ ಮೇಲಕ್ಕೆ ಬರೆಯಿರಿ.

ಕುಡಿದು ಬಂದವರ ಜೊತೆ ಆ ಹೊತ್ತಿನಲ್ಲಿ ವಾದ ಬೇಡ. ಕೌಂಟರಿನಿಂದ ಎಬ್ಬಿಸಿ, ಇಬ್ಬರು ಸಾಕ್ಷಿಗಳ ಎದುರು ಸಮಯ ಬರೆದು, ಮೇಲಧಿಕಾರಿಗೆ ಫೋನ್ ಮಾಡಿ, ಮನೆಯವರನ್ನು ಕರೆಸಿ ಕಳಿಸಿ. ಗಾಡಿ ಓಡಿಸಲು ಬಿಡಬೇಡಿ. ವೈದ್ಯಕೀಯ ತಪಾಸಣೆ ಆಗದಿದ್ದರೆ ‘ಕುಡಿದಿದ್ದರು’ ಎಂದು ತೀರ್ಪು ಬರೆಯುವ ಬದಲು ಕಂಡದ್ದನ್ನು ಬರೆಯಿರಿ: ವಾಸನೆ, ತೊದಲು, ತೂರಾಟ. ಮರುದಿನ ಮಾತಾಡುವಾಗ ಟೆಲಿ ಮನಸ್ ಸಹಾಯವಾಣಿ 14416 ಕೊಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಶಿಸ್ತು ಕ್ರಮ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ ಒಟ್ಟಿಗೇ ನಡೆಯಲಿ.

## ಪುಸ್ತಕ ಕಾಣೆಯಾದಾಗ

ಇದಕ್ಕೆ ಬೇರೆ ಜಾಗವೇ ಬೇಕು, ಯಾಕೆಂದರೆ ಗ್ರಂಥಾಲಯದಲ್ಲಿ ಸಿಬ್ಬಂದಿ ಜಗಳ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತದೆ. ದಾಸ್ತಾನು ಪರಿಶೀಲನೆಯಲ್ಲಿ ಪುಸ್ತಕ ಕಡಿಮೆ ಬಂತು, ಕೌಂಟರಿನಲ್ಲಿ ಇದ್ದವನ ತಲೆಗೆ ಕಟ್ಟಿದರು. ‘ಸಂಬಳದಲ್ಲಿ ಹಿಡೀತೀನಿ’ ಎಂದು ಹೆದರಿಸಿದರು. ಅವನು ಅಂದಿನಿಂದ ಯಾರಿಗೂ ಪುಸ್ತಕ ಕೊಡುವುದನ್ನೇ ನಿಲ್ಲಿಸಿದ. ಕಪಾಟಿಗೆ ಬೀಗ! ಓದುಗರಿಗೆ ‘ಇಲ್ಲ’ ಎನ್ನುವ ಸಿಬ್ಬಂದಿ ಹುಟ್ಟುವುದು ಹೀಗೆ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ನಿಯಮ 215 ಈ ವಿಷಯದಲ್ಲಿ ವಿವೇಕದಿಂದ ಬರೆದದ್ದು. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5ರವರೆಗೆ ನಷ್ಟವಾದರೆ ಅದನ್ನು ಸಹಜ ಎಂದು ಒಪ್ಪಬಹುದು ಎನ್ನುತ್ತದೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಹೋದರೆ ಮಾತ್ರ ತಪ್ಪದೆ ತನಿಖೆ ಮಾಡಬೇಕು. ಇದು ಕೇಂದ್ರದ ನಿಯಮ. ರಾಜ್ಯದ ಗ್ರಂಥಾಲಯಗಳು ತಮ್ಮ ಇಲಾಖೆಯ ಆದೇಶವನ್ನೇ ನೋಡಬೇಕು. ಆದರೆ ಎಷ್ಟು ನಷ್ಟಕ್ಕೆ ಎಷ್ಟು ಗಾಬರಿ ಸಾಕು ಎಂಬುದಕ್ಕೆ ಒಂದು ಅಳತೆ ಸಿಗುತ್ತದೆ.

ಮಾಡುವ ಕ್ರಮ: ಮೊದಲು ತಪ್ಪು ಕಪಾಟಿನಲ್ಲಿ ಹುಡುಕಿ. ಆಮೇಲೆ ಎರವಲು ದಾಖಲೆ, ಬೈಂಡಿಂಗಿಗೆ ಹೋದ ಪಟ್ಟಿ, ಹಿಂದಿನ ಪರಿಶೀಲನಾ ವರದಿ. ಹೋದ ಪುಸ್ತಕ ಎಷ್ಟೋ ಸಲ ಹತ್ತು ವರ್ಷದ ಹಿಂದೆಯೇ ಹೋಗಿರುತ್ತದೆ. ಸಂಬಳದಿಂದ ನಷ್ಟ ವಸೂಲಿ ಎಂಬುದು ಸಿಸಿಎ ನಿಯಮ 8ರಲ್ಲಿ ಹೇಳಿದ ಒಂದು ದಂಡನೆ. ವಿಧಾನ ಅನುಸರಿಸದೆ ನೀವಾಗಿ ಒಂದು ರೂಪಾಯಿ ಹಿಡಿಯಲೂ ಬರುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ಇಷ್ಟು ಉದಾರತೆ ಬೇಡ. ರಸೀದಿ ಪುಸ್ತಕದ ನಕಲು ಪ್ರತಿಗೂ ಜಮಾ ಲೆಕ್ಕಕ್ಕೂ ವ್ಯತ್ಯಾಸ ಕಂಡರೆ ಅಂದೇ ರಸೀದಿ ಪುಸ್ತಕ ನಿಮ್ಮ ವಶಕ್ಕೆ, ಅಂದೇ ವರದಿ. ‘ನಾಳೆ ಕಟ್ತೀನಿ ಸರ್, ಬಿಟ್ಬಿಡಿ’ ಎಂದರೆ ಬಿಡಬೇಡಿ. ಬಿಟ್ಟರೆ ನೀವೂ ಸೇರಿದಂತೆ.

## ಮತ್ತೆ ಮತ್ತೆ ಎದುರಾಗುವ ಇನ್ನು ಕೆಲವರು

ಕಂಪ್ಯೂಟರ್ ಮುಟ್ಟದವರು. ಇ-ಗ್ರಂಥಾಲಯ ತಂತ್ರಾಂಶ ಬಂದ ಕಡೆ ಹಿರಿಯರು ಹಳೆ ವಹಿಯಲ್ಲೇ ಬರೆಯುತ್ತಾ ಕೂರುತ್ತಾರೆ. ಇದು ಬಹುತೇಕ ಭಯ: ತಪ್ಪು ಗುಂಡಿ ಒತ್ತಿ ಎಲ್ಲ ಅಳಿಸಿಹೋದರೆ? ಒಂದು ವಾರ ‘ಪುಸ್ತಕ ವಾಪಸ್’ ಒಂದನ್ನೇ ಕಲಿಸಿ. ಕಲಿಸುವವರು ಅವರ ವಯಸ್ಸಿನವರೇ ಆದರೆ ಒಳ್ಳೆಯದು. ಇಪ್ಪತ್ತೆರಡರ ಹುಡುಗ ಮೌಸ್ ಕಿತ್ತುಕೊಂಡು ‘ಹೀಗೆ ಸರ್’ ಎಂದು ಮೂರು ಸೆಕೆಂಡಿನಲ್ಲಿ ಮಾಡಿ ತೋರಿಸಿದರೆ ಯಾರೂ ಕಲಿಯುವುದಿಲ್ಲ.

ಓದುಗರ ಮೇಲೆ ರೇಗುವವರು. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ಇದೇ ಊರಿನ ಜನ ಎಂದು ಒಂದು ಸಲ ನೆನಪಿಸಿ, ಸಾಕು. ಆಮೇಲೆ ಜಗಳ ಯಾವ ಹೊತ್ತಿನಲ್ಲಿ ಆಗುತ್ತದೆ ನೋಡಿ. ಪರೀಕ್ಷಾ ಅಧಿಸೂಚನೆ ಬಂದ ವಾರಗಳಲ್ಲಿ ಕುರ್ಚಿಗೆ ಬಡಿದಾಟ. ಬ್ಯಾಗ್ ಇಟ್ಟು ಜಾಗ ಹಿಡಿಯುವವರು, ಅದನ್ನು ಎತ್ತಿಟ್ಟು ಕೂರುವವರು. ನಡುವೆ ಸಿಕ್ಕಿಹಾಕಿಕೊಳ್ಳುವವರು ನಿಮ್ಮ ಸಿಬ್ಬಂದಿ. ಕುರ್ಚಿಗೆ ಟೋಕನ್ ಇಟ್ಟು ನಿಯಮ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ದೂರು ನಿಲ್ಲುತ್ತದೆ.

ಒಬ್ಬರ ಮುಖ ಒಬ್ಬರು ನೋಡದ ಇಬ್ಬರು. ಸ್ನೇಹ ಮಾಡಿಸಲು ಹೋಗಬೇಡಿ. ಪಾಳಿ ಬದಲಾಗುವಾಗ ಕೀಲಿ, ಹಣ, ಬಾಕಿ ಕೆಲಸ ಬರೆದು ಕೊಡುವ ಒಂದು ವಹಿ ಇಡಿ. ಮಾತಾಡದೆಯೂ ಕೆಲಸ ನಡೆಯುತ್ತದೆ.

‘ನಮ್ಮೋರು ಗೊತ್ತಾ ನಿಮ್ಗೆ’ ಅನ್ನುವವರು. ಜನಪ್ರತಿನಿಧಿಯ ಕಡೆಯಿಂದ ಫೋನ್ ಬಂದರೆ ಒಂದೇ ಉತ್ತರ: “ಕಡತದಲ್ಲಿ ಎಲ್ಲ ಇದೆ ಸರ್, ಮೇಲಧಿಕಾರಿಗೆ ಕಳಿಸಿದ್ದೀನಿ.” ಕಡತದಲ್ಲಿ ನಿಜವಾಗಿ ಎಲ್ಲ ಇದ್ದರೆ ಹೀಗೆ ಹೇಳುವುದು ಕಷ್ಟವಲ್ಲ.

## ಕೈಮೀರುತ್ತಿದೆ ಎಂದು ತೋರಿಸುವ ಗುರುತುಗಳು

- ದೂರು ಪುಸ್ತಕ ಇದ್ದಕ್ಕಿದ್ದಂತೆ ಖಾಲಿ. ದೂರು ನಿಂತಿದೆ ಎಂದಲ್ಲ, ಪುಸ್ತಕ ಡ್ರಾಯರ್ ಒಳಗೆ ಹೋಗಿದೆ.
- ಯಾವಾಗಲೂ ಸರಿಯಾಗಿ ಕೆಲಸ ಮಾಡುವ ಸಿಬ್ಬಂದಿ ರಜೆ ಹಾಕಲು ಶುರು ಮಾಡಿದ್ದಾರೆ. ಇನ್ನೊಬ್ಬರ ಕೆಲಸವನ್ನೂ ಅವರೇ ಹೊರುತ್ತಿದ್ದಾರೆ.
- ಹಾಜರಿ ಪುಸ್ತಕದಲ್ಲಿ ಒಂದು ವಾರದ ಸಹಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇದೆ.
- ಹಳೆ ಪತ್ರಿಕೆಯ ರಾಶಿ ಕರಗಿದೆ, ವಿಲೇವಾರಿ ಕಡತದಲ್ಲಿ ಏನೂ ಇಲ್ಲ.
- ನೀವು ಆ ವ್ಯಕ್ತಿ ಇರುವ ಪಾಳಿ ತಪ್ಪಿಸಿ ಬರುತ್ತಿದ್ದೀರಿ. ಇದು ನಿಮಗೇ ಕಂಡರೆ ಇನ್ನು ಕಾಯಬೇಡಿ, ಮೇಲಧಿಕಾರಿ ಹತ್ತಿರ ಮಾತಾಡಿ.

## ನಿಮಗೆ ವರ್ಗಾವಣೆ ಆದರೆ

ಇಂಥ ಎಷ್ಟೋ ಪ್ರಕರಣ ಸಾಯುವುದು ಅಧಿಕಾರಿ ಬದಲಾದಾಗ. ಹೊಸಬರು ಬರುತ್ತಾರೆ, ಎಲ್ಲ ಮೊದಲಿನಿಂದ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಕೀಲಿ, ಪರಿಗ್ರಹಣ ವಹಿ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ದಾಖಲೆ), ರಸೀದಿ ಪುಸ್ತಕದ ಜೊತೆ ಈ ಕಡತವನ್ನೂ ಪುಟ ಸಂಖ್ಯೆ ಸಮೇತ ಸೇರಿಸಿ. ಬಾಕಿ ಇರುವ ಸಮಜಾಯಿಷಿ ಯಾವುದು, ಮುಂದೆ ಕೂರಬೇಕಾದ ದಿನ ಯಾವುದು ಎಂದು ಒಂದು ಸಾಲು ಬರೆಯಿರಿ. ‘ಆ ಮನುಷ್ಯ ಸರಿಯಿಲ್ಲ, ಹುಷಾರು’ ಎಂದು ಕಿವಿಯಲ್ಲಿ ಹೇಳಿ ಹೋಗಬೇಡಿ. ಸುಧಾರಿಸಿದವರ ಕಡತದಲ್ಲಿ ‘ಸುಧಾರಿಸಿದ್ದಾರೆ, ಮುಕ್ತಾಯ’ ಎಂದು ಸಹಿ ಹಾಕಿಯೇ ಹೊರಡಿ.